ಸೀಟಿನ ಹಿಂದೊಂದು ತೂತು

ಕಾರು ನೋಡಲು ಹೊರಟಾಗ ಆತ ಜೇಬಿನಲ್ಲಿ ಹಾಕಿಕೊಂಡದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಆಯಸ್ಕಾಂತ. ಮಾರುವವರು ಎಂಜಿನ್ ಚಾಲೂ ಮಾಡಿ ತೋರಿಸಿದರು, ಬಟ್ಟೆಯ ಮಾಡು ಮಡಿಸಿ ತೋರಿಸಿದರು, ಕೆಂಪು ಬಣ್ಣದ ಹೊಳಪು ತೋರಿಸಿದರು. ಆತ ಎಲ್ಲಕ್ಕೂ ತಲೆಯಾಡಿಸಿ ಮಂಡಿಯೂರಿ ಕುಳಿತ. ಬಾಗಿಲಿನ ಕೆಳಗಿನ ಪಟ್ಟಿಯ ಮೇಲೆ ಆಯಸ್ಕಾಂತ ಆಡಿಸುತ್ತ ಮುಂದಿನ ಚಕ್ರದಿಂದ ಹಿಂದಕ್ಕೆ ಸರಿಯತೊಡಗಿದ. ಮುಕ್ಕಾಲು ದಾರಿಯವರೆಗೂ ಅದು ಟಕ್ಕೆಂದು ಕಚ್ಚಿಕೊಳ್ಳುತ್ತಿತ್ತು. ಹಿಂದಿನ ಚಕ್ರಕ್ಕೆ ಇನ್ನೊಂದು ಗೇಣು ಇದೆ ಎನ್ನುವಲ್ಲಿ ಜಾರಿ ಹುಲ್ಲಿನ ಮೇಲೆ ಬಿತ್ತು. ಅಲ್ಲಿ ಬಣ್ಣದ ಕೆಳಗೆ ಉಕ್ಕು ಇರಲಿಲ್ಲ, ಪುಟ್ಟಿ ಇತ್ತು.

ಆದರೂ ಕೊಂಡ.

ಅದು 1991ರ ಮಜ್ದಾ ಎಂಎಕ್ಸ್-5. 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಮೇಳದಲ್ಲಿ ಈ ಮಾದರಿ ಮೊದಲು ಕಾಣಿಸಿಕೊಂಡಾಗ, ಎರಡೇ ಸೀಟಿನ ಪುಟ್ಟ ತೆರೆದ ಕಾರುಗಳ ಕಾಲ ಮುಗಿಯಿತೆಂದೇ ಬಹಳ ಜನ ನಂಬಿದ್ದರು. ಇಂಗ್ಲೆಂಡಿನವರು ದಶಕಗಟ್ಟಲೆ ಮಾಡಿ, ಕೊನೆಗೆ ಕೈಬಿಟ್ಟಿದ್ದ ಜಾತಿಯದು. ಜಪಾನಿನವರು ಅದನ್ನೇ ಎತ್ತಿಕೊಂಡು, ಎಣ್ಣೆ ಸೋರದಂತೆ, ಮಳೆಯಲ್ಲಿ ಮುಷ್ಕರ ಹೂಡದಂತೆ ಮಾಡಿಕೊಟ್ಟರು. ಎಂಜಿನ್ ಬರೀ 1.6 ಲೀಟರ್, ಶಕ್ತಿ ಸುಮಾರು 115 ಕುದುರೆ. ಆದರೆ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ಕುದುರೆ ಮತ್ತು ಸವಾರ ಒಂದೇ ಮೈಯಾಗುವುದಕ್ಕೆ ಜಪಾನಿ ಭಾಷೆಯಲ್ಲಿ ‘ಜಿನ್‌ಬಾ ಇತ್ತೈ’ ಎನ್ನುತ್ತಾರೆ; ಕಾರು ಕಟ್ಟಿದವರು ಇಟ್ಟುಕೊಂಡ ಗುರಿ ಅದು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು. ಎರಡು ಸೀಟಿನ ಬೇರೆ ಯಾವ ತೆರೆದ ಸ್ಪೋರ್ಟ್ಸ್ ಕಾರೂ ಅಷ್ಟು ಮಾರಾಟವಾಗಿಲ್ಲ.

ಕೊಂಡವನು ಮರವಂತೆ ಕಡೆಯವನು, ಈಗ ಕೊವೆಂಟ್ರಿಯಲ್ಲಿ ಎಂಜಿನಿಯರ್. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಅಲ್ಲಿ ಬೆಳೆದವರಿಗೆ ತುಕ್ಕಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಕಿಟಕಿಯ ಸರಳು ಉಬ್ಬಿ ಪದರ ಪದರವಾಗಿ ಕಳಚುವುದು, ಗೇಟಿನ ತಿರುಗಣೆ ಎರಡು ಮಳೆಗಾಲಕ್ಕೇ ಕಚ್ಚಿಕೊಳ್ಳುವುದು, ಸೈಕಲ್ಲಿನ ರಿಮ್ಮನ್ನು ತೆಂಗಿನೆಣ್ಣೆಯ ಬಟ್ಟೆಯಲ್ಲಿ ಒರೆಸಿಡುವುದು, ಇವೆಲ್ಲ ಮನೆಯ ಮಾತು. ಕೊವೆಂಟ್ರಿಗೆ ಸಮುದ್ರ ದೂರ. ಆದರೆ ಚಳಿಗಾಲದಲ್ಲಿ ಅಲ್ಲಿ ಉಪ್ಪು ಲಾರಿಯಲ್ಲಿ ಬರುತ್ತದೆ: ರಸ್ತೆಯ ಮೇಲೆ ಹಿಮ ಗಟ್ಟಿಯಾಗಿ ಜಾರದಿರಲೆಂದು ರಾತ್ರೋರಾತ್ರಿ ಕಲ್ಲುಪ್ಪು ಎರಚುತ್ತ ಹೋಗುತ್ತಾರೆ. ಬೆಳಿಗ್ಗೆ ಓಡಾಡುವ ಕಾರುಗಳ ಹೊಟ್ಟೆಗೆ ಬಡಿಯುವುದು ಉಪ್ಪುನೀರು.

ಕಬ್ಬಿಣ ತುಕ್ಕಾಗಲು ನೀರೂ ಬೇಕು, ಗಾಳಿಯೂ ಬೇಕು. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದರಿಂದ ಆ ಕೆಲಸ ಇನ್ನಷ್ಟು ಬಿರುಸಾಗುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಹಾಗಾಗಿಯೇ ಬಣ್ಣದ ಕೆಳಗೆ ಗುಳ್ಳೆ ಏಳುವುದು. ಕನ್ನಡದಲ್ಲಿ ಹಿತ್ತಾಳೆ, ತಾಮ್ರಕ್ಕೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಈ ಎರಡು ಬೇರೆ ಪದ ಇರುವುದರಲ್ಲಿ ಅನುಭವ ಇದೆ. ಕಿಲುಬು ಮೇಲ್ಮೈಯಲ್ಲಿ ಕೂತಿರುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ. ತುಕ್ಕು ಉದುರಿ, ತನ್ನ ಕೆಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತ ಒಳಗೊಳಗೇ ಹೋಗುತ್ತದೆ.

ಎಂಎಕ್ಸ್-5ರ ತುಕ್ಕಿಗೆ ಮಾತ್ರ ಇನ್ನೊಂದು ಕಥೆಯಿದೆ. ಬಟ್ಟೆಯ ಮಾಡಿನ ಮೇಲೆ ಬಿದ್ದ ಮಳೆನೀರು ಹಿಂದಿನ ಅಂಚಿನ ದೋಣಿಯಲ್ಲಿ ಹರಿದು, ಸೀಟುಗಳ ಹಿಂದೆ ಎಡಕ್ಕೊಂದು ಬಲಕ್ಕೊಂದು ಇರುವ ತೂತುಗಳಿಗೆ ಇಳಿಯುತ್ತದೆ. ಅಲ್ಲಿಂದ ಕೊಳವೆಯ ಮೂಲಕ ಹಿಂದಿನ ಚಕ್ರದ ಮುಂದುಗಡೆ ನೆಲಕ್ಕೆ ಬೀಳಬೇಕು. ಹಂಚಿನ ಮನೆಯ ಸೂರಿಗೆ ಕಟ್ಟುವ ದೋಣಿಯ ಲೆಕ್ಕಾಚಾರವೇ. ದೋಣಿಯಲ್ಲಿ ತರಗೆಲೆ ಸಿಕ್ಕಿಕೊಂಡರೆ ನೀರು ಗೋಡೆಗೆ ಇಳಿಯುವ ಹಾಗೆ, ಇಲ್ಲಿ ತೂತು ಕಟ್ಟಿದರೆ ನೀರು ಕಾರಿನೊಳಕ್ಕೆ, ಬಾಗಿಲಿನ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ತೊಲೆಯೊಳಕ್ಕೆ ಇಳಿಯುತ್ತದೆ. ಆ ತೊಲೆಗೆ ಸಿಲ್ ಎನ್ನುತ್ತಾರೆ. ಗಟ್ಟಿ ಮಾಡಿಲ್ಲದ ಕಾರು ನಡುವೆ ಬಾಗದೆ ನಿಲ್ಲಬೇಕಾದರೆ ಈ ಸಿಲ್ ಗಟ್ಟಿಯಿರಲೇಬೇಕು. ಅದರ ಬುಡದಲ್ಲೂ ನೀರು ಹೋಗಲು ಸಣ್ಣ ಸಂದುಗಳಿವೆ. ಚಕ್ರ ಎರಚಿದ ಕೆಸರು ಅವನ್ನೂ ಮುಚ್ಚುತ್ತದೆ. ಆಮೇಲೆ ನಿಂತ ನೀರು ಒಳಗಿನಿಂದ ತಿನ್ನತೊಡಗುತ್ತದೆ. ಹೊರಗೆ ಗುಳ್ಳೆ ಕಂಡಾಗ ಒಳಗೆ ಊಟ ಮುಗಿದಿರುತ್ತದೆ.

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ವರ್ಷಕ್ಕೊಮ್ಮೆ ಎಂಒಟಿ ತಪಾಸಣೆ ಆಗಬೇಕು. ಸೀಟ್‌ಬೆಲ್ಟು, ಸಸ್ಪೆನ್ಷನ್ ಮುಂತಾದವನ್ನು ಬಿಗಿದ ಜಾಗದ ಸುತ್ತ 30 ಸೆಂಟಿಮೀಟರಿನೊಳಗೆ ಭಾರ ಹೊರುವ ತಗಡು ತುಕ್ಕಿನಿಂದ ಸೊರಗಿದ್ದರೆ ಕಾರು ಫೇಲು. ಈ ಕಾರಿನಲ್ಲಿ ಸಿಲ್ ಕೊಳೆಯುವ ಮೂಲೆಗೂ ಬೆಲ್ಟಿನ ಬೋಲ್ಟಿಗೂ ನಡುವೆ ದೂರ ಬಹಳ ಇಲ್ಲ. ಹಿಂದೆ ಯಾರೋ ಆ ಮೂಲೆಗೆ ಪುಟ್ಟಿ ಮೆತ್ತಿ, ಮೇಲೆ ಕಪ್ಪು ಡಾಂಬರಿನಂಥ ಲೇಪ ಬಳಿದು ಮುಗಿಸಿದ್ದರು. ಅಂಥ ಕೆಲಸಕ್ಕೆ ಕ್ಷಮೆಯಿಲ್ಲ. ಅಪಘಾತವಾದ ದಿನ ಎಳೆದು ಹಿಡಿಯಬೇಕಾದ ಬೆಲ್ಟು ಪುಟ್ಟಿಯನ್ನು ನಂಬಿ ನಿಂತಿರುತ್ತದೆ.

ಕೆಲಸ ಶುರುವಾದದ್ದು ಬಿಚ್ಚುವುದರಿಂದ. ಸೀಟು ಹೊರಗೆ, ಕಾರ್ಪೆಟ್ಟು ಹೊರಗೆ. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಸೀಟುಗಳ ಬೆನ್ನಿಗೇ ಇರುವುದರಿಂದ ವೆಲ್ಡಿಂಗಿಗೆ ಮುನ್ನ ಅದನ್ನೂ ಇಳಿಸಿ ದೂರ ಇಟ್ಟ. ಡಿಕ್ಕಿಯಲ್ಲಿದ್ದ ಬ್ಯಾಟರಿಯ ತಂತಿ ಕಳಚಿದ. ಗ್ರೈಂಡರಿನ ತಂತಿ ಬ್ರಷ್ಷು ತಾಗಿಸುತ್ತಲೇ ಪುಟ್ಟಿ ಹಿಟ್ಟಿನಂತೆ ಹಾರಿತು. ಅದರ ಹಿಂದೆ ಕಂಡದ್ದು ತೂತಲ್ಲ, ಹಪ್ಪಳ. ಬೆರಳಿಟ್ಟರೆ ಚೂರಾಗುವ ಕಂದು ಹಪ್ಪಳ, ಅದರ ಹಿಂದೆ ಹಿಡಿಯಷ್ಟು ಒದ್ದೆ ಮಣ್ಣು, ಮಣ್ಣಿನಲ್ಲಿ ಕೊಳೆತ ಎಲೆಯ ನರಗಳು.

ತುಕ್ಕಿನ ಕೆಲಸದಲ್ಲಿ ಕಷ್ಟದ ಪ್ರಶ್ನೆ, ಎಲ್ಲಿಯವರೆಗೆ ಕತ್ತರಿಸುವುದು? ಕಣ್ಣಿಗೆ ಕಂಡ ತೂತಿನಷ್ಟೇ ಕತ್ತರಿಸಿದರೆ ಬೆಸುಗೆ ಹಿಡಿಯಲು ಅಂಚಿನಲ್ಲಿ ತಗಡೇ ಇರುವುದಿಲ್ಲ. ವೆಲ್ಡಿಂಗ್ ತಂತಿ ತಾಗಿದ ಕೂಡಲೇ ಉರಿದು ತೂತು ದೊಡ್ಡದಾಗುತ್ತದೆ. ಹೊಳೆಯುವ ಒಳ್ಳೆ ಉಕ್ಕು ಸಿಗುವವರೆಗೂ ಹೋಗಬೇಕು. ಆತ ಮೊದಲ ದಿನ ಅಂಗೈಯಗಲ ಎಂದುಕೊಂಡದ್ದು ಮೂರನೆಯ ದಿನ ಮೊಳದುದ್ದ ಆಯಿತು. ಹೊರತಗಡಿನ ಹಿಂದೆ ಇನ್ನೊಂದು ತಗಡು, ಬಲ ಕೊಡುವುದಕ್ಕೆ ಇಟ್ಟದ್ದು, ಅದೂ ಅರ್ಧ ಹೋಗಿತ್ತು. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ, ಆಮೇಲೆ ತಗಡಿನಲ್ಲಿ ಕತ್ತರಿಸಿ, ಒಳಗಿನದನ್ನು ಮೊದಲು ಕಟ್ಟಿದ. ಊರಿನ ಟಿಂಕರಿಂಗ್ ಮೇಸ್ತ್ರಿಗಳು ಸುತ್ತಿಗೆಯನ್ನು ಹೊಡೆಯುವುದಿಲ್ಲ, ಬೀಳಲು ಬಿಡುತ್ತಾರೆ. ಆ ಕೈ ಬರಲು ಅವನಿಗೆ ಎರಡು ತಗಡು ಹಾಳಾದವು.

ಒಂದು ಮಿಲಿಮೀಟರು ದಪ್ಪವೂ ಇಲ್ಲದ ಈ ತಗಡಿಗೆ 0.6 ಮಿಲಿಮೀಟರಿನ ತಂತಿಯಿಂದ ಮಿಗ್ ವೆಲ್ಡಿಂಗ್ ಮಾಡಬೇಕು. ಸೀರೆಗೆ ಫಾಲ್ ಹಚ್ಚುವವರು ಮೊದಲು ಅಲ್ಲೊಂದು ಇಲ್ಲೊಂದು ಹೊಲಿಗೆ ಹಾಕಿ ಹಿಡಿಸಿಕೊಳ್ಳುವಂತೆ, ಇಲ್ಲೊಂದು ಚುಕ್ಕೆ, ಅಂಗುಲ ಬಿಟ್ಟು ಅಲ್ಲೊಂದು ಚುಕ್ಕೆ. ಒಂದೇ ಕಡೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಚುಕ್ಕೆಗಳ ನಡುವೆ ಮತ್ತೆ ಚುಕ್ಕೆ, ಅವು ಕೂಡಿ ಗೆರೆಯಾಗುವವರೆಗೆ. ಶಬ್ದದಲ್ಲೇ ಹದ ತಿಳಿಯುತ್ತದೆ: ಕಾದ ಎಣ್ಣೆಗೆ ಸಂಡಿಗೆ ಬಿಟ್ಟಾಗ ಏಳುವ ಚರಚರ ಸದ್ದು ಒಂದೇ ಸಮ ಬಂದರೆ ಬೆಸುಗೆ ಕೂರುತ್ತಿದೆ ಎಂದರ್ಥ.

ಕೈ ಎಟುಕದ ಮೂಲೆಗಳಲ್ಲಿ ಉಳಿದ ತೆಳು ತುಕ್ಕಿಗೆ ಟ್ಯಾನಿಕ್ ಆಮ್ಲದ ದ್ರಾವಣ ಬಳಿದ. ಕಂದು ಬಣ್ಣ ನೋಡನೋಡುತ್ತ ನೀಲಿಗಪ್ಪಾಯಿತು. ಇದು ನಮಗೆ ಹೊಸದಲ್ಲ. ಅಳಲೆಕಾಯಿಯ ಒಗರಿಗೆ ಕಬ್ಬಿಣದ ನೀರು ತಾಗಿದಾಗ ಕಲಂಕಾರಿ ಬಟ್ಟೆಯ ಮೇಲೆ ಮೂಡುವ ಕಪ್ಪೂ ಇದೇ ರಸಾಯನ. ಅದರ ಮೇಲೆ ಎಪಾಕ್ಸಿ ಪ್ರೈಮರು, ಕೂಡುಗೆರೆಗೆ ಸೀಲರು, ಬಣ್ಣ. ಕೊನೆಗೆ ಉದ್ದ ಮೂತಿಯ ಕೊಳವೆ ತೂರಿಸಿ ಸಿಲ್ಲಿನ ಹೊಟ್ಟೆಯೊಳಗೆ ಮೇಣ ಸಿಂಪಡಿಸಿದ. ಮಾರನೆಯ ಬೆಳಿಗ್ಗೆ ಬುಡದ ಸಂದುಗಳಿಂದ ಜೇನಿನಂತೆ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಮೇಣ ಎಲ್ಲ ಕಡೆ ಮುಟ್ಟಿದೆ, ಸಂದುಗಳೂ ತೆರೆದಿವೆ. ಎರಡಕ್ಕೂ ಅದೇ ಸಾಕ್ಷಿ.

ಇನ್ನು ಬ್ರೇಕು. ಕೊವೆಂಟ್ರಿಯಲ್ಲಿ ಕೂತು ಡಿಸ್ಕ್ ಬ್ರೇಕಿನ ಕೆಲಸ ಮಾಡುವುದಕ್ಕೆ ಒಂದು ಹಿತ ಇದೆ. ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು ಪಕ್ಕದ ಬರ್ಮಿಂಗ್‌ಹ್ಯಾಮಿನಲ್ಲಿ ಕಾರು ಕಟ್ಟುತ್ತಿದ್ದ ಕಾಲದಲ್ಲಿ. 1953ರ ಲೆ ಮಾನ್ ಇಪ್ಪತ್ನಾಲ್ಕು ತಾಸಿನ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದ ಜಾಗ್ವಾರ್ ಸಿ-ಟೈಪ್ ಇದೇ ಊರಿನ ಕಾರು, ಅದಕ್ಕಿದ್ದದ್ದು ಡನ್‌ಲಪ್ ಡಿಸ್ಕ್ ಬ್ರೇಕು. ಉಳಿದವರ ಡ್ರಮ್ಮುಗಳು ಕಾದು ಸೋಲುತ್ತಿದ್ದಾಗ, ಉದ್ದನೆಯ ನೇರ ದಾರಿಯ ತುದಿಯಲ್ಲಿ ಜಾಗ್ವಾರಿನವರು ತಡವಾಗಿ ಬ್ರೇಕು ಒತ್ತಿದರೂ ನಡೆಯುತ್ತಿತ್ತು, ಗಂಟೆಗಟ್ಟಲೆ ನಡೆಯುತ್ತಿತ್ತು.

ಬ್ರೇಕು ಮಾಡುವುದಿಷ್ಟೇ, ಓಟವನ್ನು ಬಿಸಿಯಾಗಿ ಬದಲಿಸುವುದು. ಆತನ ಕಾರು, ಅದರೊಳಗೆ ಆತ, ಗಂಟೆಗೆ 100 ಕಿಲೋಮೀಟರ್ ವೇಗ. ಆಗ ಕಾರಿನಲ್ಲಿರುವ ಚಲನಶಕ್ತಿ ಸುಮಾರು 4 ಲಕ್ಷ ಜೂಲ್. ಒಂದು ಲೀಟರಿಗಿಂತ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಅದನ್ನೆಲ್ಲ ನಾಲ್ಕು ಡಿಸ್ಕುಗಳು ಮೂರು ನಾಲ್ಕು ಸೆಕೆಂಡಿನಲ್ಲಿ ನುಂಗಬೇಕು, ಅದರಲ್ಲೂ ದೊಡ್ಡ ಪಾಲು ಮುಂದಿನ ಎರಡು. ವೇಗ ಅರ್ಧವಾದರೆ ಈ ಹೊರೆ ಕಾಲುಭಾಗಕ್ಕೆ ಇಳಿಯುತ್ತದೆ.

1.6ರ ಕಾರಿಗೆ ಕಾರ್ಖಾನೆ ಕೊಟ್ಟ ಮುಂದಿನ ಡಿಸ್ಕು 235 ಮಿಲಿಮೀಟರ್. ಆಮೇಲೆ ಬಂದ 1.8ರ ಕಾರಿಗೆ 255. ಹಿಂದಿನವು 231 ಇದ್ದದ್ದು 251 ಆದವು. ಹಳೆಯ 14 ಅಂಗುಲದ ಚಕ್ರದೊಳಗೇ ಇದು ಕೂರುತ್ತದೆ. ಗುಜರಿಯಿಂದ 1.8ರ ಕ್ಯಾಲಿಪರ್ ಬ್ರ್ಯಾಕೆಟ್ಟು ತಂದು, ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿದರೆ ಹಿಡಿತ ಹೊರಕ್ಕೆ 10 ಮಿಲಿಮೀಟರ್ ಸರಿಯುತ್ತದೆ. ಬೀಸುಕಲ್ಲಿನ ಗೂಟ ಅಂಚಿಗೆ ಇದ್ದಷ್ಟೂ ತಿರುಗಿಸುವ ಕೈಗೆ ಹಗುರ. ನಿಲ್ಲಿಸುವ ಕೈಗೂ ಹಾಗೆಯೇ. ಅದಕ್ಕಿಂತ ಮುಖ್ಯ, ಹೆಚ್ಚು ಕಬ್ಬಿಣ ಇರುವುದರಿಂದ ಹೆಚ್ಚು ಬಿಸಿ ತಡೆಯುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆ ಬಹಳ ಜನರಲ್ಲಿದೆ: ಡಿಸ್ಕು ದೊಡ್ಡದಾದರೆ ಕಾರು ಬೇಗ ನಿಲ್ಲುತ್ತದೆ ಎಂದು. ಕಾರನ್ನು ನಿಲ್ಲಿಸುವುದು ಕೊನೆಗೂ ಟೈರು. ಚಿಕ್ಕ ಬ್ರೇಕು ಕೂಡ ಚಕ್ರವನ್ನು ಕಟ್ಟಿ ನಿಲ್ಲಿಸಬಲ್ಲದಾದರೆ, ಮೊದಲ ಸಲ ಒತ್ತಿದಾಗ ದೊಡ್ಡದಕ್ಕೂ ಅದಕ್ಕೂ ನಿಲ್ಲುವ ದೂರದಲ್ಲಿ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ಹತ್ತನೆಯ ಸಲ, ಬೆಟ್ಟ ಇಳಿಯುತ್ತಿರುವಾಗ. ಮುಂದಿನದನ್ನು ಮಾತ್ರ ದೊಡ್ಡದು ಮಾಡಿ ಹಿಂದಿನದನ್ನು ಮರೆತರೆ ಮುಂದು ಹಿಂದಿನ ಸಮತೋಲ ತಪ್ಪುತ್ತದೆ. ಅದಕ್ಕೇ ಆತ ನಾಲ್ಕನ್ನೂ ಬದಲಿಸಿದ, ಬದಲಿಸಿದ್ದನ್ನು ವಿಮೆಯವರಿಗೆ ತಿಳಿಸಿದ.

ತುಕ್ಕು ಇಲ್ಲೂ ಬಿಡಲಿಲ್ಲ. ಬ್ರೇಕಿನ ಲೋಹದ ಕೊಳವೆಯ ನಟ್ಟು ಕಚ್ಚಿಕೊಂಡು, ತಿರುಗಿಸಲು ಹೋದರೆ ಕೊಳವೆಯೇ ತಿರುಚಿ ಮುರಿಯಿತು. ಹೊಸದನ್ನು ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ ಮಾಡಿ ಹಾಕಿದ. ಅದು ತುಕ್ಕು ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುವ ಜಾತಿಯದು. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿಕೊಂಡ ಆಯಿಲ್‌ಗೆ ನಿಗದಿಪಡಿಸಿದ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ, ಗುಳ್ಳೆಯಾದರೆ ಪೆಡಲ್ಲು ನೆಲಕ್ಕೆ.

ಕೊಳವೆ ಬದಲಿಸುವಾಗ ಒಳಗೆ ಸೇರಿದ ಗಾಳಿ ತೆಗೆಯಲು ಎರಡು ಜನ ಬೇಕು. ಹತ್ತು ವರ್ಷದ ಮಗಳು ಚಾಲಕನ ಸೀಟಿನ ತುದಿಗೆ ಜರುಗಿ ಎರಡೂ ಕಾಲು ಪೆಡಲ್ಲಿನ ಮೇಲಿಟ್ಟು ಕೂತಳು. ಆತ ದೂರದ ಚಕ್ರದ ಬಳಿ ಸ್ಪ್ಯಾನರು ಹಿಡಿದು ಮಲಗಿದ್ದ.

“ಒತ್ತು.”

“ಒತ್ತಿದೆ ಅಪ್ಪಯ್ಯ.”

“ಹಿಡ್ಕೊ... ಹಿಡ್ಕೊ.” ನಿಪ್ಪಲ್ಲು ಸಡಿಲಿಸಿದ. ಪಾರದರ್ಶಕ ಟ್ಯೂಬಿನಲ್ಲಿ ಚಹಾದ ಬಣ್ಣದ ಹಳೆ ಆಯಿಲ್, ನಡುವೆ ಸಣ್ಣ ಮಣಿಗಳಂತೆ ಗಾಳಿ.

“ಕೆಳಗೆ ಹೋಯ್ತು! ಬಿಡ್ಲಾ?”

“ತಡಿ ಮಗಾ, ಬಿಗಿ ಮಾಡ್ತೆ.” ಬಿಗಿದ. “ಹ್ಞಾಂ, ಈಗ ಬಿಡು.”

ಮಣಿಗಳು ನಿಂತು, ಟ್ಯೂಬಿನಲ್ಲಿ ತಿಳಿಯಾದ ಹೊಸ ಆಯಿಲ್ ಮಾತ್ರ ಬರುವ ಹೊತ್ತಿಗೆ ನಾಲ್ಕು ಚಕ್ರಕ್ಕೆ ಒಂದು ತಾಸು ಹಿಡಿದಿತ್ತು. ಕೊನೆಯಲ್ಲಿ ಅವಳೇ ಹೇಳಿದಳು, “ಈಗ ಕಲ್ಲಾಯ್ತು ಅಪ್ಪಯ್ಯ.” ಪೆಡಲ್ಲು ಹೇಗಿರಬೇಕೆಂದು ಅದಕ್ಕಿಂತ ಚೆನ್ನಾಗಿ ಯಾವ ಕೈಪಿಡಿಯೂ ಹೇಳುವುದಿಲ್ಲ.

ಹೊಸ ಪ್ಯಾಡು ಪಳಗಬೇಕು. ಭಾನುವಾರ ಬೆಳಗಿನ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸಿ, ಹೀಗೆ ಹಲವು ಸಲ. ಬಿಸಿಯಾದ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುವವರೆಗೆ. ಆಮೇಲೆ ಸುಮ್ಮನೆ ಗಾಳಿಗೆ ತಣಿಯಲೆಂದು ಇನ್ನಷ್ಟು ದೂರ.

ಅಂದು ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಹೊಳೆಯುತ್ತಿದ್ದ ನಾಲ್ಕೂ ಡಿಸ್ಕುಗಳ ಮೇಲೆ ಕೇಸರಿ ಬಣ್ಣದ ತೆಳು ಪರೆ. ಮಗಳು ಗಾಬರಿಯಾದಳು. ಅದು ತುಕ್ಕೇ, ಆದರೆ ಎರಕದ ಕಬ್ಬಿಣದ ಮೇಲೆ ರಾತ್ರಿಯ ಮಟ್ಟಿಗೆ ಬಂದದ್ದು. ಬೀದಿಯ ತುದಿಯಲ್ಲಿ ಒಂದು ಸಲ ಬ್ರೇಕು ಒತ್ತಿದರೆ ಪ್ಯಾಡೇ ಒರೆಸಿಹಾಕುತ್ತದೆ ಎಂದು ಆತ ಅವಳನ್ನು ಕೂರಿಸಿಕೊಂಡು ಹೋಗಿ ತೋರಿಸಿ ತಂದ.

ವಾಪಸು ಬಂದು ಅಡುಗೆಮನೆಯಿಂದ ಒಂದು ತಂಬಿಗೆ ನೀರು ತಂದ. ಸೀಟಿನ ಹಿಂದಿನ ತೂತಿಗೆ ಸಣ್ಣಗೆ ಹೊಯ್ಯತೊಡಗಿದ. ಮಗಳು ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದಳು. “ಬಂತು!” ಎಂದಳು. ಆತ ಕಾರಿನ ಇನ್ನೊಂದು ಮಗ್ಗುಲಿಗೆ ಹೋದ, ಉಳಿದ ಅರ್ಧ ತಂಬಿಗೆ ಅಲ್ಲಿ ಹೊಯ್ಯಲು.