ಮೇಲುಕೋಟೆಯ ಬಿಸಿಲು ನೆರಳು

ಮೇಲುಕೋಟೆಗೆ ಹೋಗುವವರಲ್ಲಿ ಹಲವು ಬಗೆಯುಂಟು. ಚೆಲುವನಾರಾಯಣಸ್ವಾಮಿಯ ದರ್ಶನಕ್ಕಾಗಿ ಹೋಗುವವರೇ ಬಹು ಮಂದಿ. ವೈರಮುಡಿ ಉತ್ಸವದ ರಾತ್ರಿ ಆ ಜನಸಮುದ್ರದಲ್ಲಿ ತಾವೂ ಒಂದಾಗಿ ನಿಲ್ಲಬೇಕೆಂದು ಹೋಗುವವರು ಕೆಲವರು. ಅಲ್ಲಿಯ ಪುಳಿಯೋಗರೆಯ ರುಚಿಯನ್ನು ನೆನೆದು ಹೋಗುವವರೂ ಇಲ್ಲದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇವರೊಡನೆ ಮತ್ತೊಂದು ಪಂಗಡವೂ ಸೇರಿಕೊಂಡಿದೆ. ಹೆಗಲಿಗೆ ಕ್ಯಾಮೆರಾ ತೂಗುಹಾಕಿಕೊಂಡು ಬೆಳಗಿನ ಜಾವಕ್ಕೇ ಬೆಟ್ಟವನ್ನು ಏರಿ, ಕಲ್ಯಾಣಿಯ ಮೆಟ್ಟಿಲ ಮೇಲೋ ಮಂಟಪದ ಕಂಬದ ಬಳಿಯಲ್ಲೋ ಒಬ್ಬರನ್ನು ನಿಲ್ಲಿಸಿ, ಸೂರ್ಯನ ಬೆಳಕೊಂದನ್ನೇ ನೆಚ್ಚಿ ಚಿತ್ರ ತೆಗೆಯುವವರ ಪಂಗಡವದು. ಇವರಲ್ಲಿ ಹೆಚ್ಚಿನವರಿಗೆ ಇದರಿಂದ ಕಾಸಿನ ಸಂಪಾದನೆಯಿಲ್ಲ, ಹವ್ಯಾಸವೇ ಫಲ. ನಾವೂ ಆ ಪಂಗಡಕ್ಕೆ ಸೇರಿದವರಾದ್ದರಿಂದ, ಹೋದ ಧನುರ್ಮಾಸದಲ್ಲಿ ಅಲ್ಲಿ ಕಳೆದ ಒಂದು ಹಗಲಿನ ವಿಚಾರವನ್ನು ವಾಚಕರ ಮುಂದಿಡಬೇಕೆಂದು ಮನಸ್ಸಾಯಿತು.

ಮೇಲುಕೋಟೆಯು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿದೆ. ಮೈಸೂರಿನಿಂದ ಸುಮಾರು ೫೦ ಕಿಲೋಮೀಟರು ದೂರ. ಶ್ರೀರಂಗಪಟ್ಟಣ, ಪಾಂಡವಪುರಗಳನ್ನು ದಾಟಿ, ಜಕ್ಕನಹಳ್ಳಿಯಲ್ಲಿ ತಿರುಗಿಕೊಂಡರೆ, ಕಬ್ಬು ಬತ್ತಗಳ ಬಯಲು ಹಿಂದುಳಿದು ಬಂಡೆಗಳ ಸೀಮೆ ಮೊದಲಾಗುವುದು. ಯದುಗಿರಿಯೆಂಬ ಹೆಸರಿನಿಂದ ಪ್ರಸಿದ್ಧವಾದ ಈ ಕ್ಷೇತ್ರದಲ್ಲಿ ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಹಲವು ವರ್ಷ ನೆಲಸಿದ್ದರು. ಕವಿ ಪು. ತಿ. ನರಸಿಂಹಾಚಾರ್ಯರು ೧೯೦೫ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಬೆಟ್ಟದ ನೆತ್ತಿಯಲ್ಲಿ ಯೋಗಾನರಸಿಂಹನ ಗುಡಿ; ಅದರ ಕೆಳಗೆ ನಾಲ್ಕು ಕಡೆಗೂ ಮೆಟ್ಟಿಲಿಳಿದಿರುವ ವಿಶಾಲವಾದ ಕಲ್ಯಾಣಿ; ಅದರ ಸುತ್ತ ಸಾಲುಗಂಬದ ಮಂಟಪಗಳು; ಊರ ಒತ್ತಿನಲ್ಲಿ ಅಕ್ಕತಂಗಿ ಕೊಳಗಳು; ಮುಗಿಯದೆಯೇ ನಿಂತುಹೋದ ರಾಯಗೋಪುರದ ಎತ್ತರವಾದ ಕಂಬಗಳು. ಇಷ್ಟೆಲ್ಲವೂ ನಡೆದು ಮುಟ್ಟುವಷ್ಟು ಹತ್ತಿರದಲ್ಲಿವೆ.

ಮನುಷ್ಯರನ್ನು ಹೊರಗಿನ ಬೆಳಕಿನಲ್ಲಿ ಕೂರಿಸಿ ಚಿತ್ರ ತೆಗೆಯುವುದು ಹೊಸ ಮಾತೇನೂ ಅಲ್ಲ. ಛಾಯಾಗ್ರಹಣದ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು ೧೮೩೯ರಲ್ಲಿ. ಅದಾದ ನಾಲ್ಕು ವರ್ಷಕ್ಕೆ, ಎಂದರೆ ೧೮೪೩ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಕಾಲ್ಟನ್ ಬೆಟ್ಟದ ಮೇಲೆ ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಚಿತ್ರಕಾರನೂ ರಾಬರ್ಟ್ ಆಡಮ್‌ಸನ್ ಎಂಬ ತರುಣನೂ ಸೇರಿ ಈ ಕೆಲಸಕ್ಕೆ ಕೈಹಾಕಿದರು. ಆಗ ಮನೆಯೊಳಗಿನ ಬೆಳಕು ಸಾಲುತ್ತಿರಲಿಲ್ಲ. ಆದಕಾರಣ ಕುರ್ಚಿ, ಮೇಜು, ಪರದೆಗಳನ್ನು ಅಂಗಳಕ್ಕೆ ಹೊತ್ತು ತಂದು, ಒಳಕೋಣೆಯಂತೆ ತೋರುವಂತೆ ಜೋಡಿಸಿ, ಬಂದವರನ್ನು ಬಿಸಿಲಿನಲ್ಲಿ ಅಲುಗದಂತೆ ಕೂರಿಸುತ್ತಿದ್ದರು. ಪಂಡಿತರನ್ನೂ ಪಾದ್ರಿಗಳನ್ನೂ ತೆಗೆದಂತೆಯೇ ನ್ಯೂಹೇವನ್ ಎಂಬ ಹಳ್ಳಿಯ ಬೆಸ್ತರ ಹೆಂಗಸರನ್ನೂ ಅವರು ತೆಗೆದರು. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬಾಕೆ ೧೮೬೩ರಲ್ಲಿ, ತನ್ನ ನಾಲ್ವತ್ತೆಂಟನೆಯ ವಯಸ್ಸಿನಲ್ಲಿ, ಮಗಳು ಅಳಿಯಂದಿರಿಂದ ಬಂದ ಉಡುಗೊರೆಯ ಕ್ಯಾಮೆರಾದಿಂದ ಅಭ್ಯಾಸವನ್ನು ಆರಂಭಿಸಿ, ಮನೆಯ ದಾಸಿಯರನ್ನೂ ನೆರೆಯವರನ್ನೂ ರೂಪದರ್ಶಿಗಳನ್ನಾಗಿ ಮಾಡಿಕೊಂಡಳು. ಗೃಹಸ್ಥರ ಮನೆಗಳಿಂದಲೇ ಈ ಕಲೆ ಬೆಳೆದುಬಂದಿತೆಂಬುದನ್ನು ತೋರಿಸಲು ಇಷ್ಟು ಸಾಕು.

ಈಗ ಬೆಳಕಿನ ವಿಚಾರ. ನಮ್ಮ ನಾಡಿನ ಸೂರ್ಯ ಅವಸರದವನು. ಚಳಿದೇಶಗಳಲ್ಲಿ ಆತನು ದಿಗಂತದಿಂದ ಓರೆಯಾಗಿ, ನಿಧಾನವಾಗಿ ಏರುತ್ತಾನೆ. ಇಲ್ಲಿ ಹೆಚ್ಚು ಕಡಿಮೆ ನೆಟ್ಟಗೆ ಏರಿಬಿಡುತ್ತಾನೆ. ಹೊಂಬಣ್ಣದ ಎಳೆಬಿಸಿಲು ನಮಗೆ ದೊರೆಯುವುದು ಮುಕ್ಕಾಲು ಗಂಟೆಯಷ್ಟು ಮಾತ್ರ. ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ನಡುವಿನಾಚೆಯೂ ಮೇಲುಕೋಟೆಯಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ತೆಗೆದ ಮುಖದಲ್ಲಿ ಕಣ್ಣುಗಳು ಕುಳಿಯಲ್ಲಿ ಮುಳುಗಿ, ಮೂಗಿನ ನೆರಳು ತುಟಿಯ ಮೇಲೆ ಬೀಳುವುದು. ಡಿಸೆಂಬರಿನ ಕೊನೆಯ ಭಾಗದಲ್ಲಿಯಾದರೋ ನಡುಹಗಲಿಗೂ ಆತನು ಸುಮಾರು ೫೪ ಡಿಗ್ರಿಯಷ್ಟು ಮಾತ್ರ ಮೇಲೇರುತ್ತಾನೆ. ಧನುರ್ಮಾಸವನ್ನು ನಾವು ಆರಿಸಿಕೊಂಡದ್ದು ಇದಕ್ಕಾಗಿಯೇ.

ನಮ್ಮ ಜೊತೆಯಲ್ಲಿ ಬಂದಿದ್ದವರು ಗೆಳೆಯರೊಬ್ಬರ ಮಗಳು, ಅವಳ ತಾಯಿ ಮತ್ತು ಅಜ್ಜಿ. ಹುಡುಗಿಗೆ ಇಪ್ಪತ್ತಾರು ವರ್ಷ, ಓದಿದವಳು, ಕೆಲಸದಲ್ಲಿರುವವಳು. ಅವಳಿಗೆ ಮದುವೆಯ ಮಾತುಕತೆ ನಡೆಯುತ್ತಿದ್ದು, ವರನ ಕಡೆಯವರಿಗೆ ಕಳುಹಿಸಲು ಒಂದು ಒಳ್ಳೆಯ ಭಾವಚಿತ್ರ ಬೇಕಾಗಿತ್ತು. ಎಳೆತನದಲ್ಲಿ ಹಬ್ಬದ ದಿನ ಕಾದ ಎಣ್ಣೆ ಸಿಡಿದು, ಅವಳ ಎಡಗೆನ್ನೆಯಿಂದ ಗದ್ದದ ಅಂಚಿನವರೆಗೆ ಸುಟ್ಟ ಕಲೆಯೊಂದು ಉಳಿದುಬಿಟ್ಟಿದೆ. ಹಿಂದೆ ಊರಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರದಲ್ಲಿ ಆ ಕಲೆಯನ್ನು ಕಂಪ್ಯೂಟರಿನಿಂದ ಸಂಪೂರ್ಣವಾಗಿ ಅಳಿಸಿ ಕೊಟ್ಟಿದ್ದರು. ಅದನ್ನು ನೋಡಿ ಮೆಚ್ಚಿ ಬಂದವರು, ಎದುರಿಗೆ ಹುಡುಗಿಯನ್ನು ಕಂಡು, ತಮ್ಮಲ್ಲಿ ತಾವೇ ಏನೋ ಮಾತಾಡಿಕೊಂಡು, ಕಾಫಿ ಕುಡಿದು ಎದ್ದುಹೋದರು. ಮುಚ್ಚಿಟ್ಟಿರೆಂಬ ಅಪವಾದ ಮಾತ್ರ ಮನೆಯಲ್ಲಿ ಉಳಿಯಿತು.

ಆರೂ ಮುಕ್ಕಾಲರ ಸುಮಾರಿಗೆ ಹೊತ್ತು ಹುಟ್ಟಿತು. ಗುಡಿಯಲ್ಲಿ ಧನುರ್ಮಾಸದ ಪೂಜೆ ಮುಗಿಸಿಕೊಂಡವರು ಗುಂಪುಗುಂಪಾಗಿ ಹೊರಗೆ ಬರುತ್ತಿದ್ದರು. ಕಲ್ಯಾಣಿಯಲ್ಲಿ ಮೀಯುವವರು ಮೀಯುತ್ತಿದ್ದರು. ಆ ಕಡೆಗೆ ಕ್ಯಾಮೆರಾವನ್ನು ತಿರುಗಿಸಬಾರದೆಂಬುದು ನಾವು ಪಾಲಿಸಿಕೊಂಡು ಬಂದಿರುವ ಮೊದಲ ನಿಯಮ. ಜನವಿಲ್ಲದ ಮೂಲೆಯೊಂದನ್ನು ಹುಡುಕಿ ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿದೆವು. ಮೊದಲ ಚಿತ್ರಗಳಿಂದ ಪ್ರಯೋಜನವಾಗಲಿಲ್ಲ. ಚಿತ್ರ ತೆಗೆಸಿಕೊಳ್ಳುವವರು ಎಷ್ಟೇ ಧೈರ್ಯಸ್ಥರಾದರೂ ಮೊದಲ ಕಾಲು ಗಂಟೆ ಅವರ ಮುಖ ಅವರದಾಗಿರುವುದಿಲ್ಲ. ಹೆಗಲು ಬಿಗಿದಿರುತ್ತದೆ, ನಗು ಎರವಲಾಗಿರುತ್ತದೆ. ಅವಳಂತೂ ಕ್ಯಾಮೆರಾ ಎತ್ತಿದೊಡನೆ ಕತ್ತನ್ನು ಎಡಕ್ಕೆ ತಿರುಗಿಸಿ ಬಲಗೆನ್ನೆಯನ್ನೇ ಒಡ್ಡುತ್ತಿದ್ದಳು. ಅದು ವರ್ಷಗಟ್ಟಲೆ ರೂಢಿಯಾದ ಚಲನೆಯೆಂಬುದು ನೋಡಿದವರಿಗೆ ತಿಳಿಯುತ್ತಿತ್ತು.

ಬಿಸಿಲು ಬಲಿತ ಮೇಲೆ ಮಂಟಪದ ನೆರಳಿಗೆ ಸರಿದೆವು. ಹವ್ಯಾಸಿಗಳಿಗೆ ಇಂಥ ನೆರಳು ಬಹು ದೊಡ್ಡ ಆಸ್ತಿ. ನೇರ ಬಿಸಿಲಿನ ಹದಿನಾರನೆಯ ಒಂದು ಪಾಲಿನಷ್ಟು ಬೆಳಕು ಇಲ್ಲಿದ್ದರೆ ಹೆಚ್ಚು. ಆದರೆ ಅದು ತೆರೆದ ಆಕಾಶದಿಂದಲೂ ಎದುರಿನ ಕಲ್ಲುಹಾಸಿನಿಂದಲೂ ಹರಡಿಕೊಂಡು ಬರುವುದರಿಂದ ಮುಖದ ಮೇಲೆ ಮೃದುವಾಗಿ ಕೂರುತ್ತದೆ. ನಿಚ್ಚಳವಾದ ಬಿಸಿಲಿನಲ್ಲಿ ಸೂಕ್ಷ್ಮತೆಯನ್ನು ೧೦೦ಕ್ಕೆ ಇಟ್ಟು, ಎಫ್ ೧೬ರ ರಂಧ್ರಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದ ವೇಗವನ್ನು ಕೊಡುವುದು ಹಳೆಯ ಸೂತ್ರ. ಈ ನೆರಳಿನಲ್ಲಿ ಅದೇ ವೇಗಕ್ಕೆ ಎಫ್ ೪ರವರೆಗೆ ತೆರೆಯಬೇಕು. ಮಂಟಪದ ಒಳಮೂಲೆಗೆ ಹೋದರೆ ಬೆಳಕು ಸತ್ತುಹೋಗುತ್ತದೆ. ಅಂಚಿನಿಂದ ಎರಡು ಹೆಜ್ಜೆ ಒಳಗೆ, ಹೊರಗಿನ ಆಕಾಶಕ್ಕೆ ಮುಖಮಾಡಿ ನಿಂತರೆ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮೂಡುವುದು. ಆ ಚುಕ್ಕೆಯಿಂದಲೇ ಮುಖಕ್ಕೆ ಜೀವ. ಮರದ ಕೆಳಗೆ ನಿಲ್ಲಿಸಿದರೆ ಎಲೆಯ ಹಸಿರು ಕೆನ್ನೆಗೆ ಹತ್ತುತ್ತದೆ; ಕೆಂಪು ಸೀರೆಯುಟ್ಟವರ ಗದ್ದದ ಕೆಳಗೆ ಕೆಂಪು ಛಾಯೆ ಹೊಳೆಯುತ್ತದೆ. ಗದ್ದದ ಕೆಳಗಣ ನೆರಳನ್ನು ತಿಳಿಮಾಡಲು ಒಂದು ಬಿಳಿಯ ಪಂಚೆಯನ್ನು ಹಾಸಿದರೆ ಸಾಕು. ಆ ದಿನ ಅದರ ಒಂದು ತುದಿಯನ್ನು ಅಜ್ಜಿಯೇ ಹಿಡಿದುಕೊಂಡಿದ್ದರು.

ಕಂಬಗಳ ಮೇಲಿನ ಸಣ್ಣ ಕೆತ್ತನೆಗಳನ್ನು ಹುಡುಗಿಗೆ ತೋರಿಸುತ್ತ, ಬೆಳಕು ಎದುರಿನಿಂದ ಬಿದ್ದರೆ ಕೆತ್ತನೆ ಮಾಸಿದಂತೆ ಕಾಣುವುದೆಂದೂ ಪಕ್ಕದಿಂದ ಓರೆಯಾಗಿ ಬಿದ್ದರೆ ಒಂದೊಂದು ಗೆರೆಯೂ ಎದ್ದು ನಿಲ್ಲುವುದೆಂದೂ ಹೇಳಿದೆವು. ಮನುಷ್ಯರ ಚರ್ಮಕ್ಕೂ ಇದೇ ನ್ಯಾಯ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮಾಮ, ನನ್ನ ಕಲೆ ಕಾಣಿಸಬೇಕೋ ಬೇಡವೋ ಎಂದು ನೀವು ನನ್ನನ್ನು ನಿಲ್ಲಿಸುವಾಗಲೇ ತೀರ್ಮಾನ ಮಾಡಿರುತ್ತೀರಿ” ಎಂದಳು. ನಿಜವಾದ ಮಾತು. ಬಳಿಕ, “ಎಡಗಡೆಯಿಂದ ಒಂದು ತೆಗೆಯಿರಿ. ಎದ್ದು ಕಾಣುವುದೂ ಬೇಡ, ಅಳಿಸಿಹೋಗುವುದೂ ಬೇಡ. ಇದ್ದ ಹಾಗೆ ಬರಲಿ” ಎಂದಳು.

ತಾಯಿ ಒಪ್ಪಲಿಲ್ಲ. ಆಕೆಯ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. “ಪಟ ನೋಡಿಯೇ ಬೇಡವೆಂದುಬಿಟ್ಟರೆ ಏನು ಮಾಡುವುದು? ಮನೆಗೆ ಬಂದು ನಾಲ್ಕು ಮಾತಾಡಿದರಲ್ಲವೇ ಇವಳ ಗುಣ ತಿಳಿಯುವುದು? ಬಾಗಿಲಿಗೇ ಬಾರದ ಹಾಗೆ ನಾವೇ ಮಾಡಿಕೊಳ್ಳಬೇಕೇ?” ಎಂದು ಕೇಳಿದರು. ಹೆತ್ತವರ ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ನಾವು ಕ್ಯಾಮೆರಾವನ್ನು ಕೆಳಗಿಟ್ಟು ಸುಮ್ಮನೆ ಕುಳಿತೆವು. ಪಂಚೆಯ ತುದಿಯನ್ನು ಬಿಡದೆಯೇ ಅಜ್ಜಿ ಹೇಳಿದರು: “ಹೋದ ಸಲ ಬಂದಿದ್ದರಲ್ಲ, ಏನಾಯಿತು? ಅವರು ಕಟ್ಟಿಕೊಳ್ಳುವುದು ಪಟವನ್ನಲ್ಲ ಕಣೆ. ಅವಳ ಮುಖ ಅವಳದು, ತೆಗೆಸಿಕೊಳ್ಳಲಿ ಬಿಡು.”

ಹುಡುಗಿ ಕಂಬಕ್ಕೆ ಒರಗಿ ನಿಂತಳು. ಬೆಳಕು ಸ್ವಲ್ಪ ಮುಂದಿನಿಂದ, ಸ್ವಲ್ಪ ಎಡದಿಂದ ಬರುವಂತೆ ನೋಡಿಕೊಂಡೆವು. ತೀರ ಹತ್ತಿರ ಹೋದರೆ ಮೂಗು ದಪ್ಪವಾಗಿ ಕಿವಿಗಳು ಹಿಂದೆ ಸರಿದಂತೆ ಕಾಣುವುದರಿಂದ, ಎರಡು ಮೀಟರು ದೂರದಲ್ಲಿ ನಿಂತು ೮೫ ಮಿಲಿಮೀಟರಿನ ಮಸೂರದಿಂದ ತೆಗೆದೆವು. ಐದಾರು ಚಿತ್ರಗಳಲ್ಲಿ ಒಂದರಲ್ಲಿ ಅವಳು ಅಜ್ಜಿಯ ಕಡೆಗೆ ನೋಡಿ ಏನೋ ಹೇಳಲು ಬಾಯಿ ತೆರೆದಿದ್ದಳು. ಕಲೆ ಇತ್ತು, ಆದರೆ ಮೊದಲು ಕಾಣುತ್ತಿದ್ದುದು ಕಣ್ಣು, ಆಮೇಲೆ ನಗು, ಮೂರನೆಯದಾಗಿ ಕಲೆ. ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಅದನ್ನು ತಾಯಿಗೆ ತೋರಿಸಿದಾಗ, ಆಕೆ ಬಹಳ ಹೊತ್ತು ನೋಡಿ, “ಇವಳ ಅಪ್ಪನ ಹಾಗೆಯೇ ಇದ್ದಾಳೆ” ಎಂದಷ್ಟೇ ಹೇಳಿದರು. ಬಲಗಡೆಯಿಂದಲೂ ಒಂದನ್ನು ತೆಗೆಯಿರೆಂದು ಆಕೆ ಕೇಳಲಾಗಿ, ಮಗಳು ಮರುಮಾತಿಲ್ಲದೆ ನಿಂತು ತೆಗೆಸಿಕೊಂಡಳು.

ನಡುಹಗಲನ್ನು ಪುಳಿಯೋಗರೆಗೂ ವಿಶ್ರಾಂತಿಗೂ ಬಿಟ್ಟುಕೊಟ್ಟು, ಸಂಜೆ ರಾಯಗೋಪುರಕ್ಕೆ ಹೋದೆವು. ಆಕಾಶವನ್ನೇ ಚಾವಣಿಯಾಗಿ ಪಡೆದ ಆ ಕಂಬಗಳ ಮೇಲೆ ಇಳಿಬಿಸಿಲು ಅಡ್ಡವಾಗಿ ಬಿದ್ದು, ಕಲ್ಲೆಲ್ಲ ಅರಿಸಿನ ಹಚ್ಚಿದಂತೆ ಕಾಣುತ್ತಿತ್ತು. ಅಲ್ಲಿ ತೆಗೆದದ್ದು ಅಜ್ಜಿಯ ಚಿತ್ರವನ್ನು. ಎಂಬತ್ತು ವರ್ಷದ ಮುಖದ ಸುಕ್ಕುಗಳಿಗೆ ಓರೆಬೆಳಕಿನಿಂದ ಬಂದ ಗಾಂಭೀರ್ಯವನ್ನು ಯಾವ ದೀಪವೂ ಕೊಡಲಾರದು. ಅವರು ತಮ್ಮ ಸುಕ್ಕಿನ ವಿಷಯದಲ್ಲಿ ಯಾವ ಷರತ್ತನ್ನೂ ಹಾಕಲಿಲ್ಲ. ಸೆರಗು ಸರಿಯಾಗಿದೆಯೇ ಎಂದು ಮಾತ್ರ ಎರಡು ಸಲ ಕೇಳಿದರು.

ಮೇಲುಕೋಟೆಗೆ ಈ ಉದ್ದೇಶದಿಂದ ಹೋಗತಕ್ಕವರಿಗೆ ಒಂದೆರಡು ಸೂಚನೆಗಳು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ವೈರಮುಡಿಯ ದಿನಗಳಲ್ಲಿ ಕಾಲಿಡಲೂ ಎಡೆಯಿರುವುದಿಲ್ಲ. ಗುಡಿಗಳ ಒಳಗೆ ಚಿತ್ರ ತೆಗೆಯುವ ಯೋಚನೆಯನ್ನು ಬಿಡತಕ್ಕದ್ದು. ಹೊರಗೂ ಎಲ್ಲಿ ತೆಗೆಯಬಹುದೆಂಬುದನ್ನು ಸ್ಥಳದ ಅಧಿಕಾರಿಗಳಲ್ಲಿ ಮುಂಚಿತವಾಗಿ ವಿಚಾರಿಸುವುದು ಲೇಸು. ಉಡುಪು ಕ್ಷೇತ್ರಕ್ಕೆ ಒಪ್ಪುವಂತಿರಲಿ. ಹೆಣ್ಣುಮಕ್ಕಳ ಚಿತ್ರ ತೆಗೆಯುವಾಗ ಅವರಿಗೆ ಬೇಕಾದವರೊಬ್ಬರು ಜೊತೆಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾದುದು, ತೆಗೆದ ಚಿತ್ರಗಳನ್ನು ಮೊದಲು ಅವರಿಗೆ ತೋರಿಸಿ, ಬೇಡವೆಂದವನ್ನು ಅವರೆದುರಿಗೇ ಅಳಿಸಿ, ಉಳಿದವನ್ನು ಯಾರಿಗೆ ತೋರಿಸಬಹುದೆಂದು ಕೇಳಿಕೊಳ್ಳುವುದು. ಒಮ್ಮೆ ಕೈಬಿಟ್ಟ ಚಿತ್ರ ಈ ಕಾಲದಲ್ಲಿ ಎಲ್ಲಿಗೆ ಹೋಗಿ ಮುಟ್ಟೀತೆಂದು ಹೇಳಲಾಗದು.

ಎಡಗಡೆಯ ಚಿತ್ರವನ್ನೂ ಬಲಗಡೆಯದನ್ನೂ ನಾವು ಯಾವ ತಿದ್ದುಪಡಿಯೂ ಇಲ್ಲದೆ ಅಚ್ಚುಹಾಕಿಸಿ ಕೊಟ್ಟೆವು. ಸಂಕ್ರಾಂತಿ ಕಳೆದ ಮೇಲೆ ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟು ಒಂದು ಮನೆಗೆ ಕಳುಹಿಸಿದರೆಂದು ತಿಳಿಯಿತು. ಹಾಗೆ ಮಾಡಿದ್ದು ತಾಯಿಯ ಯೋಚನೆಯಂತೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬರುವ ಉತ್ತರ ಹೇಗೇ ಇರಲಿ, ಈ ಸಲ ಬಾಗಿಲಿಗೆ ಬರುವವರು ಹುಡುಗಿಯನ್ನು ನೋಡಿಯೇ ಬಂದಿರುತ್ತಾರೆ.