22 ಸಾವಿರದ ಸ್ಪ್ಲೆಂಡರ್

ಮೊನ್ನೆ ರಾತ್ರಿ ಹತ್ತೂವರೆಗೆ ನಮ್ಮ ಕೇರಿಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣ, ಗಾಡಿ ಸಿಕ್ತು. ಸ್ಪ್ಲೆಂಡರ್ ಪ್ಲಸ್, 2021ರ ಮಾಡಲ್, ಬರೀ 22 ಸಾವಿರ. ಈಗ್ಲೇ 2,100 ಹಾಕಿದ್ರೆ ಬುಕ್ ಆಗುತ್ತಂತೆ. ನಿನ್ ಫೋನಿಂದ ಹಾಕ್ತೀಯಾ? ಬೆಳಗ್ಗೆ ಕೊಡ್ತೀನಿ."

ಅವನು ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ. ಆರು ಗಂಟೆ ಶಿಫ್ಟಿಗೆ ನಮ್ಮೂರಿಂದ ಬಸ್ಸಿಲ್ಲ. ಅದೇ ಫ್ಯಾಕ್ಟರಿಗೆ ಊರಿಂದ ಮೂರು ಬೈಕ್ ಹೋಗ್ತವೆ, ಯಾವುದರ ಹಿಂದಿನ ಸೀಟೂ ಅವನಿಗೆ ಸಿಗಲ್ಲ. ಯಾಕೆ ಅಂತ ಇಲ್ಲಿ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇನ್ ರೋಡಿನವರೆಗೆ ನಾಲ್ಕು ಕಿಲೋಮೀಟರ್ ಕತ್ತಲಲ್ಲಿ ನಡೀತಾನೆ. ಅವರವ್ವ ಸಂಘದಲ್ಲಿ ಸಾಲ ಎತ್ತಿದ 25 ಸಾವಿರ ಮನೆಯಲ್ಲಿತ್ತು.

ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಇಂಥದ್ದರಲ್ಲಿ ದುಡ್ಡು ಕಳ್ಕೊಂಡವರನ್ನ "ಆಸೆಬುರುಕರು, ಹಂಗೇ ಆಗ್ಬೇಕು" ಅಂತ ದಯವಿಟ್ಟು ಆಡ್ಕೋಬೇಡಿ. ಆ ಹುಡುಗ ಶೋಕಿಗೆ ಗಾಡಿ ಹುಡುಕ್ತಿರಲಿಲ್ಲ.

ಜಾಹೀರಾತು ಕಳಿಸು ಅಂದೆ. ಮಾರುವವನು ಮಿಲಿಟರಿಯವನಂತೆ, ವರ್ಗ ಆಗಿದೆಯಂತೆ, ಅದಕ್ಕೇ ಅರ್ಧ ಬೆಲೆಯಂತೆ. ಯೂನಿಫಾರ್ಮಿನ ಫೋಟೋ, ಆಧಾರ್, ಕ್ಯಾಂಟೀನ್ ಕಾರ್ಡು ಎಲ್ಲಾ ಕೇಳದೇನೇ ಕಳಿಸಿದಾನೆ. ಗಾಡಿ ನೋಡಕ್ಕೆ ಬರ್ತೀನಿ ಅಂದ್ರೆ ಮಾತ್ರ "ಕ್ಯಾಂಪ್ ಒಳಗೆ ಬಿಡಲ್ಲ, ಮನೆ ಬಾಗಿಲಿಗೇ ಬರುತ್ತೆ." 2,100 ರೂಪಾಯಿ ಗೇಟ್ ಪಾಸಿಗಂತೆ.

ಹುಡುಗ ದಡ್ಡನಲ್ಲ. "ಆರ್‌ಸಿ ನಂಬರನ್ನ ಎಂಪರಿವಾಹನ್ ಆಪ್‌ಗೆ ಹಾಕಿ ನೋಡ್ದೆ ಅಣ್ಣ, ಎಲ್ಲಾ ಕರೆಕ್ಟಾಗೈತೆ" ಅಂದ. ನಾನೂ ನೋಡಿದೆ. ಮಾಡಲ್, ನೋಂದಣಿ ವರ್ಷ, ಮಾಲೀಕನ ಹೆಸರಲ್ಲಿ ಕಾಣುವ ಅಕ್ಷರಗಳು ಎಲ್ಲಾ ತಾಳೆಯಾದವು. ಒಂದು ಕ್ಷಣ ನಾನೂ ನಂಬಿಬಿಡ್ತಿದ್ದೆ. ಆದರೆ ಆಪ್ ಹೇಳೋದು ಅಂಥ ಗಾಡಿ ಒಂದಿದೆ ಅಂತ ಅಷ್ಟೇ. ಆ ಗಾಡಿ ಈ ಫೋನಿನ ಆಸಾಮಿ ಹತ್ರ ಇದೆ ಅಂತ ಅದು ಹೇಳಲ್ಲ. ಯಾರೋ ಪಾಪದವರು ತಮ್ಮ ಗಾಡಿ ಮಾರೋಕೆ ಹೋಗಿ ಇವನಂಥವನಿಗೇ ಆರ್‌ಸಿ, ಆಧಾರ್ ಫೋಟೋ ಕಳಿಸಿರಬಹುದು.

"ಒಂದೇ ಒಂದು ಕೇಳು. ವಿಡಿಯೋ ಕಾಲ್‌ನಲ್ಲಿ ಗಾಡಿ ತೋರಿಸ್ಲಿ, ಹ್ಯಾಂಡಲ್ ಕೆಳಗೆ ಕೊರೆದಿರೋ ಚಾಸಿ ನಂಬರ್ ತೋರಿಸ್ಲಿ."

ಅವನು ಹೇಳಿದ್ದು: "ಹೆಂಗಣ್ಣ ಕೇಳೋದು? ದೊಡ್ಡ ಆಫೀಸರ್ರು. ಬೇಜಾರ್ ಮಾಡ್ಕೊಂಡ್ರೆ?"

ಅಲ್ಲಿಗೆ ನನಗೆ ನಿದ್ದೆ ಹೋಯ್ತು. ಯಾಕಂದ್ರೆ ಇಪ್ಪತ್ಮೂರನೇ ವಯಸ್ಸಲ್ಲಿ ನಾನೂ ಹಿಂಗೇ ಕೇಳದೆ ಸುಮ್ಮನಿದ್ದವನು. ಪರಿಚಯದವರೊಬ್ಬರಿಂದ 8 ಸಾವಿರಕ್ಕೆ ಹಳೇ ಗಾಡಿ ತಗೊಂಡೆ. "ಟ್ರಾನ್ಸ್‌ಫರ್ ಆಮೇಲೆ ಮಾಡ್ಸೋಣ ಬುಡು" ಅಂದ್ರು. ಕಾಗದ ಕೇಳಿದ್ರೆ ಅವರನ್ನ ಅನುಮಾನಿಸಿದಂಗೆ ಆಗುತ್ತೆ ಅಂತ ನಾಚಿಕೆ. ಎರಡು ತಿಂಗಳಿಗೆ ಚೆಕಿಂಗ್‌ನಲ್ಲಿ ಹಿಡಿದ್ರು. ಗಾಡಿ ಕಳುವಾಗಿದ್ದು. ಮೊದಲು ಹೆಸರು ಕೇಳಿದ್ರು, ಆಮೇಲೆ ಊರು, ಆಮೇಲೆ "ಊರೊಳಗಾ, ಕೇರೀನಾ?" ಅದರ ಮುಂದಿನ ಪ್ರಶ್ನೆ, "ಇನ್ನೆಷ್ಟು ಕದ್ದಿದೀಯ?" ಸಂಘಟನೆಯ ಅಣ್ಣಂದಿರು ಮಾರಿದವನನ್ನ ಹುಡುಕಿ ತರೋವರೆಗೂ, ಒಂದು ರಾತ್ರಿ ಒಂದು ಹಗಲು ಸ್ಟೇಷನ್ ನೆಲದ ಮೇಲೆ ಕೂತಿದ್ದೆ.

ಬೇರೆಯವರಿಗೆ ಕಾಗದ ಇಲ್ಲದ ಗಾಡಿ ಅಂದ್ರೆ ನಷ್ಟ. ನಮ್ಮ ಹುಡುಗರಿಗೆ ಅದು ಕೇಸು.

ನಮ್ಮಪ್ಪ ಹೆಬ್ಬೆಟ್ಟು ಒತ್ತಿದ ಯಾವ ಕಾಗದದಲ್ಲಿ ಏನು ಬರೆದಿದೆ ಅಂತ ಒಂದಿನಾನೂ ಕೇಳಿದವನಲ್ಲ. ಕೇಳಿದ್ರೆ ಕೂಲಿ ತಪ್ಪುತ್ತಿತ್ತು. ದೊಡ್ಡವರನ್ನ ಪ್ರಶ್ನೆ ಮಾಡಬಾರದು ಅನ್ನೋ ಪಾಠ ನಮ್ಮ ಮೈಗೆ ಅಂಟಿದೆ. ಆ ಕಳ್ಳ ಯೂನಿಫಾರ್ಮ್ ಫೋಟೋ ಹಾಕ್ಕೊಂಡಿದ್ದೂ ಅದೇ ಪಾಠ ನಂಬಿಕೊಂಡು.

1901ರಲ್ಲಿ ಬಾಲಕ ಭೀಮರಾವ್ ಅಣ್ಣನ ಜೊತೆ ಅಪ್ಪನನ್ನ ನೋಡೋಕೆ ಸತಾರದಿಂದ ಗೋರೆಗಾಂವ್‌ಗೆ ಹೊರಟಿದ್ದು ಗೊತ್ತಲ್ಲ. ಮಸೂರ್ ಸ್ಟೇಷನ್ನಿನಲ್ಲಿ ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಎತ್ತಿನ ಗಾಡಿ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡೀತಾನೆ ಅಂತ ಒಪ್ಪಂದ ಆಯ್ತು. ಬಾಬಾಸಾಹೇಬರೇ ಬರೆದಿದ್ದಾರೆ. ದುಪ್ಪಟ್ಟು ಕೊಟ್ಟು ಅಭ್ಯಾಸ ಆದವರಿಗೆ ಯಾರಾದ್ರೂ ಅರ್ಧ ಬೆಲೆ ಅಂದ್ರೆ, ಈ ಸಲನಾದ್ರೂ ನಮ್ ಕಡೆ ತಿರುಗ್ತು ಅನ್ಸುತ್ತೆ. ಅಲ್ಲೇ ಹುಷಾರಾಗಬೇಕು.

ತಮ್ಮಂದಿರೇ, ತಂಗಿಯರೇ, ಗಾಡಿ ತಗೊಳ್ಳೋ ಮುಂಚೆ ಇಷ್ಟು ನೆನಪಿಟ್ಕೊಳ್ಳಿ.

ಗಾಡಿ ಮುಟ್ಟೋ ಮುಂಚೆ ಒಂದು ರೂಪಾಯಿನೂ ಬೇಡ. ಬುಕಿಂಗ್, ಪಾರ್ಸಲ್, ಗೇಟ್ ಪಾಸ್, ಆಮೇಲೆ ವಾಪಸ್ ಬರೋ ಡೆಪಾಸಿಟ್ ಎಲ್ಲಾ ಒಂದೇ ಬಲೆಯ ಗಂಟುಗಳು. ಒಂದು ಸಲ ಹಾಕಿದ್ರೆ ಅದನ್ನ ಬಿಡಿಸ್ಕೊಳ್ಳೋಕೆ ಇನ್ನೊಂದು ಸಲ ಹಾಕಿಸ್ತಾರೆ. "ದುಡ್ಡು ವಾಪಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತು" ಅಂದ್ರೆ ಒತ್ತಬೇಡಿ. ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಕಿಲ್ಲ, ಹೋಗೋಕೆ ಮಾತ್ರ ಬೇಕು.

ಹಗಲು ಹೊತ್ತಲ್ಲಿ, ಗುರುತಿರೋ ಮೆಕ್ಯಾನಿಕ್ ಕರ್ಕೊಂಡು ಹೋಗಿ. ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಉಜ್ಜಿದ ಗುರುತಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಲೋನ್ ಬಾಕಿ ಇದೆಯಾ ನೋಡಿ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದ್ರೆ ಅವರ ಎನ್‌ಒಸಿ ಮತ್ತು ಫಾರಂ 35 ಬೇಕು. ಇನ್ಶೂರೆನ್ಸ್ ತಾರೀಖು ನೋಡಿ. ಆರ್‌ಸಿಯಲ್ಲಿರೋ ಮನುಷ್ಯ ಎದುರು ನಿಂತು ಫಾರಂ 29, 30ಕ್ಕೆ ಸಹಿ ಹಾಕ್ಲಿ. "ನಮ್ ಭಾವನ ಗಾಡಿ" ಅಂದ್ರೆ ಆ ಭಾವನನ್ನೇ ಕರೆಸಿ.

ಕಾಗದ ಕೇಳೋಕೆ ನಾಚಿಕೆ ಬೇಡ. ರಾಜ್ಯದೊಳಗೇ ಮಾರಿದ್ರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು ಅಂತ ಕಾನೂನೇ ಇದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಆಕ್ಸಿಡೆಂಟ್ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ನಿಜವಾದ ಮಾಲೀಕನಿಗೆ ಟ್ರಾನ್ಸ್‌ಫರ್ ಮಾಡಿಸೋಕೆ ನಿಮಗಿಂತ ಆತುರ ಇರಬೇಕು. "ಆಮೇಲೆ ಮಾಡ್ಸೋಣ" ಅನ್ನೋನ ಮೇಲೇ ಅನುಮಾನ ಪಡಿ.

ಈಗಾಗಲೇ ದುಡ್ಡು ಹೋಗಿದ್ರೆ ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳ್ತೀರೋ ದುಡ್ಡು ತಡೆಯೋ ಅವಕಾಶ ಅಷ್ಟು ಜಾಸ್ತಿ. ಸ್ಟೇಷನ್ನಿಗೆ ಒಬ್ಬರೇ ಹೋಗೋಕೆ ಭಯ ಆದ್ರೆ ನಮಗೆ ಹೇಳಿ, ಜೊತೆಗೆ ಬರ್ತೀವಿ.

ಆ ರಾತ್ರಿ ಹುಡುಗ ಕೊನೆಗೂ ಕೇಳಿದ. "ಸಾರ್, ಚಾಸಿ ನಂಬರ್ ತೋರ್ಸಿ." ಆ ಕಡೆಯಿಂದ ಬಂದದ್ದು ಒಂದು ಬೈಗುಳ, ಆಮೇಲೆ ಬ್ಲಾಕ್. "ಬೈದ್ಬುಟ್ಟ ಕಣಣ್ಣ" ಅಂತ ನಗಾಡ್ದ. ಅವನಿಗೆ ಗಾಡಿ ಇನ್ನೂ ಸಿಕ್ಕಿಲ್ಲ, ಇವತ್ತೂ ಕತ್ತಲಲ್ಲೇ ನಡ್ಕೊಂಡು ಹೋದ. ಸಂಘದ ದುಡ್ಡು ಮಾತ್ರ ಅವರವ್ವನ ಟ್ರಂಕಿನಲ್ಲೇ ಇದೆ. ನಂಜನಗೂಡು ಕಡೆ ಕಾಗದ ಸರಿಯಿರೋ ಹಳೇ ಗಾಡಿ ಯಾರಾದ್ರೂ ಕೊಡೋರಿದ್ರೆ ತಿಳಿಸಿ. ನೋಡೋಕೆ ಭಾನುವಾರ ನಾನೂ ಅವನ ಜೊತೆ ಬರ್ತೀನಿ.

ಜೈ ಭೀಮ್.