‘ಗೋ ಫಾಸ್ಟ್’ ಓಡಿದ್ದೆಷ್ಟು?

ಅಮೆರಿಕದ ನೌಕಾಪಡೆಯ ಯುದ್ಧವಿಮಾನ 2015ರಲ್ಲಿ ಸೆರೆಹಿಡಿದ ‘ಗೋ ಫಾಸ್ಟ್’ ವಿಡಿಯೋ ನೋಡಿದ್ದೀರಾ? ಸಮುದ್ರಕ್ಕೆ ತಾಗಿಕೊಂಡೇ ಒಂದು ಚುಕ್ಕೆ ಶರವೇಗದಲ್ಲಿ ಓಡಿದಂತೆ ಕಾಣುತ್ತದೆ. ಪೈಲಟ್‌ಗಳ ಉದ್ಗಾರ ಕೇಳಿದರೆ ಯಾರಿಗಾದರೂ ಮೈ ಜುಮ್ಮೆನ್ನಬೇಕು.

ನಾಸಾ ನೇಮಿಸಿದ ತಜ್ಞರ ತಂಡ ಆ ವಿಡಿಯೋದ ಪರದೆಯ ಮೇಲಿದ್ದ ಎತ್ತರ, ದೂರ, ಕೋನಗಳನ್ನು ಎತ್ತಿಕೊಂಡು ತ್ರಿಕೋನಮಿತಿ ಹಾಕಿತು. ನಮ್ಮ ಹೈಸ್ಕೂಲಿನದೇ! ವಸ್ತು ಇದ್ದದ್ದು ನೀರಿನಿಂದ ಸುಮಾರು 13,000 ಅಡಿ ಮೇಲೆ; ವೇಗ ಗಂಟೆಗೆ ಸುಮಾರು 64 ಕಿ.ಮೀ. ಆ ಎತ್ತರದಲ್ಲಿ ಗಾಳಿಯೇ ಅಷ್ಟು ಬೀಸುತ್ತದೆ. ನಿಜಕ್ಕೂ ಓಡುತ್ತಿದ್ದದ್ದು ವಿಮಾನ, ರೈಲಿನ ಕಿಟಕಿಯಾಚೆ ಕಂಬಗಳು ಓಡುತ್ತವಲ್ಲ, ಹಾಗೆ. ಆ ವಸ್ತು ಬಹುಶಃ ಗಾಳಿಗೆ ತೇಲುತ್ತಿತ್ತು ಎಂದಿತು ತಂಡದ 2023ರ ವರದಿ.

ಇಂಥ ವಿಡಿಯೋ ಇನ್ನೊಮ್ಮೆ ವಾಟ್ಸಾಪಿಗೆ ಬಂದಾಗ ಮೊದಲು ಕೇಳಿ: ಅದು ಎಷ್ಟು ದೂರದಲ್ಲಿತ್ತು?